ಫರಸಿ ಕಲ್ಲಿನ ಸೀಮೆಯ ಕೀಲುನೋವು

ಚಿತ್ತಾಪುರ ಸೀಮೆಯ ಸನ್ನತಿಯ ಹತ್ತಿರ, ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪವಿದೆ. ಅದು ನಮ್ಮ ಕಡೆಯ ಸುಣ್ಣದ ಕಲ್ಲು. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಾಗಿಣಾ ದಂಡೆಯ ಕೋಟೆಗೂ ಇದೇ ಕಲ್ಲು. ಎರಡು ಸಾವಿರ ವರ್ಷದಿಂದ ಈ ಸೀಮೆಯ ಕೈಗಳು ಉಳಿ ಬಿಟ್ಟಿಲ್ಲ. 1871ರಲ್ಲಿ ಮುಂಬೈ ಕಡೆಯ ರೈಲು ಶಹಾಬಾದ್ ದಾಟಿ ರಾಯಚೂರು ಮುಟ್ಟಿತು, 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ಹಳಿ ಬಿತ್ತು. ಆಮೇಲೆ ಇದೇ ಕಲ್ಲಿನ ಹಾಸು, ಶಹಾಬಾದ್ ಫರಸಿ, ದೂರದೂರದ ಮನೆಗಳ ನೆಲಕ್ಕಿಳಿಯಿತು. ಮುಂದೆ ಸಿಮೆಂಟ್ ಕಾರ್ಖಾನೆಗಳೂ ಬಂದವು.

ನಮ್ಮಪ್ಪ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಪದರು ಹುಡುಕಿ, ಸಂದಿಗೆ ಉಳಿ ಇಟ್ಟು, ಹಾರಿ ಹಾಕಿ ಮೀಟಿದರೆ ಇಡೀ ಹಾಸು ಮೇಲೇಳುತ್ತಿತ್ತು. ಅದರಲ್ಲಿ ಧೂಳು ಕಮ್ಮಿ. ಕೊಯ್ಯುವ, ಪಾಲಿಶ್ ಮಾಡುವ ಮಷೀನು ಬಂದ ಮೇಲೆ, ನೀರು ಬಿಡದೆ ಓಡಿಸಿದ ಕಡೆಯೆಲ್ಲ ಹುಬ್ಬು ರೆಪ್ಪೆ ಬೆಳ್ಳಗಾಗತೊಡಗಿದವು.

ನಾನು ರಕ್ತ ಪರೀಕ್ಷೆಯ ಕೆಲಸದಲ್ಲೇ ವಯಸ್ಸು ಕಳೆದವನು. ಚಿಂಚೋಳಿ ಕಡೆಯ ಹೆಣ್ಣುಮಗಳೊಬ್ಬಳು, ಕಲ್ಲು ಹೊತ್ತು ಬಾಳಿದವಳು, ಬೆರಳು ಚಾಚಿ, “ಅಣ್ಣಾ, ಮುಂಜಾನಿ ಎದ್ರ ಮುಷ್ಟಿ ಮುಚ್ಚಾಕ ಬರಲ್ರಿ” ಅಂದಳು. ಎರಡೂ ಕೈಯ ಗೆಣ್ಣುಗಳು ಊದಿದ್ದವು. ಕಪ್ಪು ಗಾಜಿನ ಮೇಲೆ ಅವಳ ಸೀರಂ ಒಂದು ಹನಿ, ಲೇಟೆಕ್ಸ್ ಒಂದು ಹನಿ ಹಾಕಿ ಕಲಸಿ ಮೆಲ್ಲಗೆ ತಿರುವಿದೆ. ಹಾಲಿನಂತಿದ್ದದ್ದು ಎರಡು ನಿಮಿಷದೊಳಗೆ ಬಿಳಿ ಹರಳು ಹರಳಾಗಿ ಒಡೆಯಿತು. ಲೇಟೆಕ್ಸ್ ಕಣಗಳಿಗೆ ಮನುಷ್ಯನದೇ ಪ್ರತಿಕಾಯ ಸವರಿರುತ್ತಾರೆ. ಅದನ್ನು ಹಿಡಿದು ಗಂಟು ಕಟ್ಟುವ ಇನ್ನೊಂದು ಪ್ರತಿಕಾಯ ಅವಳ ರಕ್ತದಲ್ಲಿತ್ತು. ಅದೇ ರುಮಟಾಯ್ಡ್ ಫ್ಯಾಕ್ಟರ್. ನಾರ್ವೆಯ ಎರಿಕ್ ವಾಲರ್ 1940ರಲ್ಲಿ ಕುರಿಯ ರಕ್ತಕಣ ಬಳಸಿ ಇದನ್ನು ಕಂಡ. ಲೇಟೆಕ್ಸ್ ವಿಧಾನ ಸಿಂಗರ್ ಮತ್ತು ಪ್ಲಾಟ್ಜ್ ಅವರದು, 1956ರದು. ಹರಳು ಕಟ್ಟಿದ ಮಾತ್ರಕ್ಕೆ ರುಮಟಾಯ್ಡ್ ಕೀಲುವಾತವೆನ್ನಲಾಗದು, ಗಟ್ಟಿಮುಟ್ಟಾದವರಲ್ಲೂ ಕೆಲವರಿಗೆ ಕಟ್ಟುತ್ತದೆ. ಅವಳ ಬೆರಳು ಮಾತ್ರ ಅನುಮಾನಕ್ಕೆ ಎಡೆ ಬಿಡಲಿಲ್ಲ.

ಕಲ್ಲಿಗೂ, ದೇಹ ತನ್ನ ಮೇಲೇ ತಿರುಗಿಬೀಳುವ ಇಂಥ ರೋಗಕ್ಕೂ ನಂಟು ಕಂಡವರು ರೋಗಿಯ ಕಸುಬು ಕೇಳಿದ ವೈದ್ಯರು. ಎಡಿನ್‌ಬರೋದ ಬೈರಮ್ ಬ್ರಾಮ್‌ವೆಲ್ 1914ರಲ್ಲಿ, ಚರ್ಮ ಬಿಗಿದು ಕಲ್ಲಾಗುವ ಸ್ಕ್ಲೀರೋಡರ್ಮಾ ಕಲ್ಲುಕುಟಿಗರಲ್ಲಿ ಹೆಚ್ಚೆಂದು ಬರೆದ. 1953ರಲ್ಲಿ ವೇಲ್ಸ್‌ನ ಆಂಥನಿ ಕ್ಯಾಪ್ಲನ್, ಕೀಲುವಾತವಿದ್ದ ಕಲ್ಲಿದ್ದಲು ಗಣಿಗಾರರ ಎದೆಯ ಎಕ್ಸ್‌ರೇಯಲ್ಲಿ ದುಂಡು ಗಂಟುಗಳನ್ನು ಗುರುತಿಸಿದ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ 1940ರ ದಶಕದಲ್ಲಿ, ಕಲ್ಲಿನ ಧೂಳಿನ ಸಿಲಿಕಾದಿಂದ ಬರುವ ಸಿಲಿಕೋಸಿಸ್ ಹುಡುಕಿದರು. ಆಗಿನ ಚಿಂತೆ ಪುಪ್ಪುಸದ್ದು.

ಪುಪ್ಪುಸ ಹೊಕ್ಕ ಸಿಲಿಕಾ ಕಣವನ್ನು ಕಾವಲು ಕಣಗಳು ನುಂಗುತ್ತವೆ, ಕರಗಿಸಲಾರದೆ ತಾವೇ ಒಡೆದು ಸಾಯುತ್ತವೆ. ಆ ಉರಿಯಲ್ಲಿ ನಮ್ಮವೇ ಪ್ರೋಟೀನುಗಳ ರೂಪ ಕೊಂಚ ಬದಲಾಗುತ್ತದೆ. ಬೀಡಿ ಹೊಗೆಗೂ ಈ ಗುಣವಿದೆ. ಕೆಲವರ ದೇಹ ಬದಲಾದದ್ದನ್ನು ಪರಕೀಯವೆಂದು ಬಗೆದು ಪ್ರತಿಕಾಯ ತಯಾರಿಸುತ್ತದೆ. ಕೀಲು ನೋಯುವ ಎಷ್ಟೋ ವರ್ಷ ಮೊದಲೇ ಇವು ರಕ್ತದಲ್ಲಿರುತ್ತವೆ. ಮುಂದೆ ಕೀಲಿನ ಒಳಪೊರೆಯಲ್ಲಿ ಗುಂಪುಗಟ್ಟಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನು ಕೆರಳಿಸುತ್ತವೆ. ಬಿಳಿ ರಕ್ತಕಣಗಳು ನುಗ್ಗಿ ಬಂದು ಕಿಣ್ವ ಸುರಿಯುತ್ತವೆ. ಮೆದು ಎಲುಬು ಸವೆಯುತ್ತದೆ, ಎಲುಬು ಕೊರೆಯುವ ಕಣಗಳೂ ಚುರುಕಾಗುತ್ತವೆ. 

ಸುಣ್ಣದ ಕಲ್ಲಿನಲ್ಲಿ ಸಿಲಿಕಾ ಮರಳುಗಲ್ಲಿನಷ್ಟಿಲ್ಲ, ಹಾಗಾಗಿ ಪ್ರತಿ ಊದಿದ ಗೆಣ್ಣಿನ ತಪ್ಪನ್ನು ಫರಸಿಯ ಮೇಲೆ ಹೊರಿಸಲಾರೆ. ಈ ಕಾಯಿಲೆ ಖಣಿಯ ಮುಖ ನೋಡದ ಹೆಂಗಸರಿಗೂ ಬರುತ್ತದೆ. ಆದರೂ ನನ್ನ ಮುಂದೆ ಬಂದ ಚೀಟಿಗಳಲ್ಲಿ ಹೆಸರಿತ್ತು, ವಯಸ್ಸಿತ್ತು, ಕಸುಬಿಗೆ ಜಾಗವಿರಲಿಲ್ಲ. ಇಟಲಿಯ ರಾಮಾಜಿನಿ 1700ರಲ್ಲೇ ರೋಗಿಯನ್ನು ಅವನ ಕೆಲಸ ಕೇಳಿರೆಂದು ವೈದ್ಯರಿಗೆ ಹೇಳಿದ್ದ. ನಾನು ಚೀಟಿಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದು ಕಳಿಸುತ್ತಿದ್ದೆ: ಖಣಿ, ಪಾಲಿಶ್ ಮಷೀನು, ಸಿಮೆಂಟ್ ಚೀಲ, ಹೊಲ.