ಜೀಪಿನ ಆಸನ: ಎತ್ತರಿಸುವ ಮುನ್ನ ಅಳೆಯಬೇಕಾದದ್ದು

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪುವ ವಾಹನಗಳಲ್ಲಿ ಚಾಲಕನ ಆಸನವನ್ನು ಮೂಲಸ್ಥಾನದಿಂದ ಮೇಲಕ್ಕೆತ್ತುವುದು, ಮುಂದಕ್ಕೋ ಹಿಂದಕ್ಕೋ ಸರಿಸುವುದು ಹಳೆಯ ರೂಢಿ. ಗುಂಡಿ, ಬಂಡೆ, ಕಡಿದಾದ ತಿರುವುಗಳಿಂದ ಕೂಡಿದ ಮಲೆನಾಡಿನ ತೋಟದ ದಾರಿಯಲ್ಲಿ ಬಾನೆಟ್ಟಿನ ಆಚೆಯ ನೆಲ ಕಾಣದಿದ್ದರೆ ಚಕ್ರವನ್ನು ಎಲ್ಲಿ ಇಡಬೇಕೆಂಬುದೇ ತಿಳಿಯುವುದಿಲ್ಲ. ಕುಳ್ಳಗಿರುವವರಿಗೆ ಈ ತೊಡಕು ಹೆಚ್ಚು. ನೀಳಕಾಯದವರದು ಬೇರೆಯೇ ಸಂಕಟ: ಮಂಡಿ ಸ್ಟೀರಿಂಗಿಗೆ ತಾಗುತ್ತದೆ, ತಲೆ ಮೇಲ್ಛಾವಣಿಗೆ ಬಡಿಯುತ್ತದೆ.

ಜೀಪಿನ ಆಸನ ಆರಂಭದಿಂದಲೂ ಚಾಲಕನ ಅನುಕೂಲವನ್ನು ನೋಡಿ ಇಟ್ಟದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಚಾಲಕನ ಆಸನದ ಕೆಳಗೇ ಇತ್ತು. ಇಂಧನ ತುಂಬಲು ಮೆತ್ತೆಯನ್ನು ಎತ್ತಬೇಕಾಗಿತ್ತು. ಬ್ರಿಟನ್ನಿನ ಹಳೆಯ ಲ್ಯಾಂಡ್ ರೋವರ್‌ಗಳಲ್ಲಿಯೂ ಮುಂದಿನ ಆಸನದಡಿ ಟ್ಯಾಂಕು ಇರುತ್ತಿತ್ತು. ಟ್ಯಾಂಕು ಇದ್ದಷ್ಟು ಎತ್ತರಕ್ಕೆ ಆಸನ, ಆಸನಕ್ಕೆ ತಕ್ಕಂತೆ ಮನುಷ್ಯ. ಮಹೀಂದ್ರಾ ಸಂಸ್ಥೆ ಭಾರತದಲ್ಲಿ ಜೀಪು ತಯಾರಿಕೆಗೆ ತೊಡಗಿದ್ದು ಇದೇ ವಿಲ್ಲೀಸ್ ಮಾದರಿಯಿಂದ. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿಯೂ ಆಸನವನ್ನು ಹಿಂದೆಮುಂದೆ ಸರಿಸಬಹುದಿತ್ತೇ ಹೊರತು ಎತ್ತರಿಸುವ ಏರ್ಪಾಡು ಇರಲಿಲ್ಲ. ಹೀಗಾಗಿ ಆ ಕೆಲಸ ಗ್ಯಾರೇಜಿನ ಪಾಲಿಗೆ ಬಂತು.

ಎತ್ತರಿಸುವುದರಿಂದ ನಿಜಕ್ಕೂ ಎಷ್ಟು ಲಾಭ? ಒಂದು ಸರಳ ಲೆಕ್ಕ ನೋಡಬಹುದು. ಚಾಲಕನ ಕಣ್ಣು ನೆಲದಿಂದ 150 ಸೆಂ.ಮೀ. ಎತ್ತರದಲ್ಲಿದೆ, ಬಾನೆಟ್ಟಿನ ಮುಂಚೂಣಿ 110 ಸೆಂ.ಮೀ. ಎತ್ತರದಲ್ಲಿದೆ, ಎರಡರ ನಡುವೆ 180 ಸೆಂ.ಮೀ. ಅಂತರವಿದೆ ಎಂದುಕೊಳ್ಳೋಣ. ಆಗ ವಾಹನದ ಮೂತಿಯಿಂದ ಸುಮಾರು 4.95 ಮೀಟರ್ ದೂರದವರೆಗೆ ನೆಲ ಕಾಣುವುದಿಲ್ಲ. ಕಣ್ಣು 5 ಸೆಂ.ಮೀ. ಮೇಲೇರಿದರೆ ಆ ದೂರ 4.40 ಮೀಟರಿಗೆ ಇಳಿಯುತ್ತದೆ. ಅರ್ಧ ಮೀಟರಿಗಿಂತ ತುಸು ಹೆಚ್ಚಿನ ಈ ಗಳಿಕೆ ಕಾಡುದಾರಿಯಲ್ಲಿ ಸಣ್ಣದಲ್ಲ. ಆದರೆ ಉಳಿದ 4.40 ಮೀಟರ್ ಮರೆಯಾಗಿಯೇ ಇರುತ್ತದೆ ಎಂಬುದನ್ನು ಮರೆಯಬಾರದು. ಮನೆಯಂಗಳದಲ್ಲಿ ಆಡುವ ಮಗುವಿನ ವಿಷಯದಲ್ಲಿ ಆಸನದ ಎತ್ತರವನ್ನು ನೆಚ್ಚಿಕೊಳ್ಳುವಂತಿಲ್ಲ.

ಎತ್ತರಿಸುವ ಅತಿ ಸುಲಭದ ದಾರಿ ಮೆತ್ತನೆಯ ದಿಂಬು. ಅಪಾಯದ ದಾರಿಯೂ ಅದೇ. ವಾಹನ ಡಿಕ್ಕಿ ಹೊಡೆದಾಗ ದಿಂಬು ಕುಗ್ಗುತ್ತದೆ, ದೇಹ ಕೆಳಕ್ಕೆ ಜಾರುತ್ತದೆ, ಸೊಂಟದ ಎಲುಬನ್ನು ಹಿಡಿಯಬೇಕಾದ ಬೆಲ್ಟು ಹೊಟ್ಟೆಯ ಮೇಲೇರಿ ಒಳಗಿನ ಅಂಗಾಂಗಗಳನ್ನು ಅದುಮುತ್ತದೆ. ಗಟ್ಟಿಯಾದ, ತೆಳುವಾದ, ಸರಿಯದಂತೆ ಬಿಗಿದ ಮೆತ್ತೆ ಇದಕ್ಕಿಂತ ವಾಸಿ. ಇತ್ತೀಚಿನ ಹಲವು ವಾಹನಗಳಲ್ಲಿ ಆಸನವನ್ನು ಎತ್ತರಿಸುವ ಸನ್ನೆ ಕಾರ್ಖಾನೆಯಿಂದಲೇ ಬರುತ್ತದೆ. ಅದಿದ್ದಲ್ಲಿ ಮಿಕ್ಕ ಯಾವ ಉಪಾಯವೂ ಬೇಡ.

ಅದಿಲ್ಲದಿದ್ದರೆ ಹಳಿಯ ಕೆಳಗೆ ಉಕ್ಕಿನ ತುಂಡುಗಳನ್ನಿಟ್ಟು ಆಸನವನ್ನು ಎತ್ತುತ್ತಾರೆ. ಇಲ್ಲಿ ವಾಷರುಗಳನ್ನು ಒಂದರ ಮೇಲೊಂದು ಪೇರಿಸುವುದು ಸಲ್ಲದು. ಅಡ್ಡಬಲ ಬಿದ್ದಾಗ ಅವು ಜರುಗುತ್ತವೆ, ಉದ್ದವಾದ ಬೋಲ್ಟು ಬಾಗುತ್ತದೆ. ಲೇತಿನಲ್ಲಿ ಕಡೆದ ಒಂದೇ ತುಂಡಿನ ಗಟ್ಟಿ ಉಕ್ಕು, ಮೂಲದಲ್ಲಿದ್ದ ದರ್ಜೆಗೆ ಕಡಿಮೆಯಿಲ್ಲದ ಬೋಲ್ಟು, ನೆಲದ ತಗಡಿನ ಅಡಿಯಲ್ಲಿ ಅಗಲವಾದ ಆನಿಕೆ ಪಟ್ಟಿ ಇವು ಬೇಕೇ ಬೇಕು. ಕಾರಣ ಸ್ಪಷ್ಟ. ಅಮೆರಿಕದ ಸುರಕ್ಷತಾ ನಿಯಮ ಆಸನವು ತನ್ನ ತೂಕದ 20 ಪಟ್ಟು ಬಲವನ್ನು ತಾಳಬೇಕೆನ್ನುತ್ತದೆ. ಆಸನ 20 ಕಿಲೋ ಇದ್ದರೆ ಅದು 400 ಕಿಲೋ ಭಾರದಷ್ಟು ಎಳೆತ. ಬೆಲ್ಟಿನ ಬಕಲ್ ಆಸನದ ಚೌಕಟ್ಟಿಗೇ ಜೋಡಣೆಯಾಗಿದ್ದರೆ ಮನುಷ್ಯನ ಭಾರವೂ ಅದಕ್ಕೆ ಸೇರುತ್ತದೆ. ಆಸನ ಮೇಲೇರಿದಷ್ಟೂ ಈ ಬಲ ಸನ್ನೆಗೋಲಿನಂತೆ ಬುಡವನ್ನು ಕೀಳಲು ನೋಡುತ್ತದೆ.

ಆಸನ ಸರಿದರೂ ಬೆಲ್ಟಿನ ಕೊಂಡಿಗಳು ಇದ್ದಲ್ಲೇ ಇರುತ್ತವೆ. ಹೆಚ್ಚಿನ ಗ್ಯಾರೇಜುಗಳು ಅಲಕ್ಷಿಸುವುದು ಇದನ್ನೇ. ಹೆಗಲು ಕಂಬದ ಮೇಲಿನ ಕೊಂಡಿಗಿಂತ ಎತ್ತರಕ್ಕೆ ಹೋದರೆ ಅಪಘಾತದಲ್ಲಿ ಬೆಲ್ಟು ಹೆಗಲನ್ನು ಕೆಳಕ್ಕೆ ಒತ್ತಿ ಬೆನ್ನೆಲುಬಿಗೆ ಪೆಟ್ಟು ಕೊಡುತ್ತದೆ. ಕೊಂಡಿ ನೆಲದಲ್ಲಿರುವ ಹಳೆಯ ವಾಹನದಲ್ಲಿ ಆಸನವನ್ನು ಬಹಳ ಮುಂದಕ್ಕೆ ತಂದರೆ ಸೊಂಟದ ಪಟ್ಟಿ ಅಡ್ಡಡ್ಡ ಮಲಗಿ ಹೊಟ್ಟೆಯ ಮೇಲೆ ಹತ್ತುತ್ತದೆ. ಆಸನದಡಿ ಹಳದಿ ಕವಚದ ತಂತಿಗಳಿದ್ದರೆ ಅವು ಏರ್‌ಬ್ಯಾಗಿಗೆ ಸಂಬಂಧಿಸಿದವು. ಬಲ್ಲವರ ಹೊರತು ಬೇರಾರೂ ಅವನ್ನು ಮುಟ್ಟಬಾರದು.

ಸರಿಯಾದ ಸ್ಥಾನವನ್ನು ಗುರುತಿಸಲು ದೊಡ್ಡ ಉಪಕರಣ ಬೇಕಿಲ್ಲ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ತುಸು ಮಡಿಚಿರಬೇಕು. ಬೆನ್ನು ಒರಗಿದ್ದಂತೆಯೇ ಮಣಿಕಟ್ಟು ಸ್ಟೀರಿಂಗಿನ ತುದಿಗೆ ಎಟುಕಬೇಕು. ಎದೆಗೂ ಏರ್‌ಬ್ಯಾಗಿಗೂ 25 ಸೆಂ.ಮೀ. ಅಂತರ, ತಲೆಗೂ ಛಾವಣಿಗೂ ಕನಿಷ್ಠ ಒಂದು ಮುಷ್ಟಿ ಜಾಗ ಇರಲಿ. ಬಟ್ಟೆಯ ಹುಡ್ ಇರುವ ಜೀಪಿನಲ್ಲಿ ತಲೆಯ ಸಮೀಪ ಕಬ್ಬಿಣದ ಕೊಳವೆ ಬಂದಿದೆಯೇ ಎಂಬುದನ್ನೂ ನೋಡಬೇಕು. ಗೇರಿನ ಜೊತೆಗೆ ನಾಲ್ಕು ಚಕ್ರ ಚಾಲನೆಯ ಎರಡನೆಯ ಸನ್ನೆಯೂ ಬಾಗದೆ ಕೈಗೆ ಸಿಗಬೇಕು. ಇಳಿಜಾರಿನಲ್ಲಿ ಅದಕ್ಕಾಗಿ ತಡಕಾಡುವುದು ಯಾರಿಗೂ ಹಿತವಲ್ಲ.

ಹಿಂದಿನ ಆಸನಗಳ ಸಂಗತಿ ಇನ್ನೂ ಗಂಭೀರ. ಕೊಡಚಾದ್ರಿಯ ಜೀಪು ದಾರಿಯನ್ನು ಕಂಡವರಿಗೆ ಎದುರುಬದುರು ಕೂರುವ ಪಕ್ಕದ ಬೆಂಚುಗಳು ಪರಿಚಿತ. ಡಿಕ್ಕಿಯಲ್ಲಿ ಅಲ್ಲಿ ಕುಳಿತವರ ದೇಹ ಪಕ್ಕಕ್ಕೆ ವಾಲುತ್ತದೆ, ಕತ್ತಿಗೆ ಆಸರೆಯಿರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಹೊಸ ಥಾರ್‌ನಲ್ಲಿಯೂ ಆರಂಭದಲ್ಲಿ ಇಂತಹ ಬೆಂಚಿನ ಮಾದರಿ ಇತ್ತು. ಕೆಲವೇ ತಿಂಗಳಲ್ಲಿ ಅದು ಪಟ್ಟಿಯಿಂದ ಹೊರಬಿತ್ತು. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಆ ವಾಹನಕ್ಕೆ ದೊರೆತ 4 ನಕ್ಷತ್ರಗಳು ಮುಂದಕ್ಕೆ ಮುಖಮಾಡಿದ ಹಿಂಬದಿ ಆಸನಗಳ ಮಾದರಿಗೆ ಸಂದವು. ಹಾಗೆಂದು ಬೆಂಚು ಕಿತ್ತು ಬೇರೆ ಕಾರಿನ ಆಸನವನ್ನು ಬಿಗಿದರೆ ಸುರಕ್ಷತೆ ಬಂದುಬಿಡದು. ಬೆಲ್ಟಿನ ಕೊಂಡಿಗಳಿಗೆ ಬಲವಾದ ಆಧಾರ ಆ ನೆಲದಲ್ಲಿ ಇರುವುದಿಲ್ಲ.

ಕಾನೂನಿನ ತೊಡಕೂ ಇದೆ. ಆಸನಗಳ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ವಿಧಿಸಬಹುದು. ಅಂಗವಿಕಲರ ಬಳಕೆಗೆ ಹೊಂದಿಸುವ ವಾಹನಗಳಿಗೆ ಬೇರೆ ಅವಕಾಶವಿದ್ದು, ಅದಕ್ಕೂ ಸಾರಿಗೆ ಕಚೇರಿಯ ಮೂಲಕವೇ ಹೋಗಬೇಕು.

ಕೆಲಸ ಮುಗಿಸಿ ಕೆಲವು ನೂರು ಕಿಲೋಮೀಟರ್ ಕೆಟ್ಟ ದಾರಿಯಲ್ಲಿ ಓಡಿದ ಮೇಲೆ ಬೋಲ್ಟುಗಳ ಬಿಗಿಯನ್ನು ಮತ್ತೆ ಪರೀಕ್ಷಿಸಬೇಕು. ಮಳೆಗಾಲ ಕಳೆದ ಬಳಿಕ ನೆಲಹಾಸನ್ನು ಎತ್ತಿ ಬೋಲ್ಟಿನ ಸುತ್ತ ತುಕ್ಕು ಹಿಡಿದಿದೆಯೇ ಎಂದು ನೋಡುವುದು ಒಳ್ಳೆಯದು. ಹೊಸದಾಗಿ ಕೊರೆದ ತೂತುಗಳಲ್ಲಿ ನೀರು ಮೊದಲು ಇಳಿಯುತ್ತದೆ.