ಹಗೇವಿನ ರಾಗಿಗೆ ಹೊಸ ಹೊಗಳಿಕೆ

1947ರವರೆಗೆ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರಿನದೇ ಹೆಸರು. ಹೊರಗಿನವರಿಗೆ ಆ ಜಿಲ್ಲೆಯೆಂದರೆ ಬಾಬಾಬುಡನ್‌ಗಿರಿಯ ಕಾಫಿ. ಗಿರಿಯ ಮೂಡಲಿಗಿರುವ ಕಡೂರು, ಅಜ್ಜಂಪುರದ ಬಯಲಿನವರಿಗೆ ರಾಗಿಯೇ ಬದುಕು. ಈಗ ಸಕ್ಕರೆ ಕಾಯಿಲೆಯ ಮಾತೆತ್ತಿದರೆ ಸಾಕು, ಹಿರಿಯರು ಆ ಊಟವನ್ನು ಔಷಧವೆಂದೇ ಉಂಡರೆಂದು ಹೇಳುವವರಿದ್ದಾರೆ. ಚರಿತ್ರೆ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಇಲ್ಲಿ ರಾಗಿ ಬಿತ್ತಿದ್ದು ಬರಕ್ಕೆ ಅಂಜಿ. ಅದು ಕಡಿಮೆ ಮಳೆಗೂ ಬರುತ್ತದೆ, ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ, ಹುಲ್ಲು ದನಕ್ಕಾಗುತ್ತದೆ. ಅಮೃತಮಹಲ್ ರಾಸುಗಳ ಅಜ್ಜಂಪುರಕ್ಕೆ ಇದು ಸಣ್ಣ ಮಾತಲ್ಲ. 1876–78ರ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿತು. ಅಂಥ ನೆನಪಿದ್ದವರಿಗೆ ಹೊಟ್ಟೆ ತುಂಬುವುದೇ ಆರೋಗ್ಯ.

ಹಾಗೆಂದು ಹೊಗಳಿಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಗಿಡಗಳ ಬಹುಶರ್ಕರಗಳಲ್ಲಿ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ. ನಾರು ಮತ್ತು ಅಂಟುಗಳು ಹಾಗೆ ಒಡೆಯುವುದಿಲ್ಲ. ಗೋರಿಕಾಯಿ ಬೀಜದಲ್ಲೂ ಮೆಂತ್ಯದಲ್ಲೂ ಇರುವ ಗ್ಯಾಲಕ್ಟೋಮ್ಯಾನನ್ ಎಂಬ ಅಂಟು ನೀರು ಹೀರಿ ಲೋಳೆಯಾಗಿ, ಗ್ಲೂಕೋಸ್ ರಕ್ತ ಸೇರುವ ವೇಗ ತಗ್ಗಿಸುತ್ತದೆ. ಗೋರಿಕಾಯಿಯ ಅಂಟಿನಿಂದ ಇದನ್ನು 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ತೋರಿಸಿದರು. ಆದರೆ ಪ್ರಮಾಣ ನೋಡಬೇಕು: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರೋಗಿಗಳು ದಿನಕ್ಕೆ ತಿಂದದ್ದು ಜಿಡ್ಡು ತೆಗೆದ ಮೆಂತ್ಯದ ಪುಡಿ, 100 ಗ್ರಾಂ! ಒಗ್ಗರಣೆಯ ಚಿಟಿಕೆ ಮೆಂತ್ಯಕ್ಕೆ ಆ ಫಲ ಕಟ್ಟಲಾಗದು. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೂ ಮುದ್ದೆಯ ಬಹುಪಾಲು ಪಿಷ್ಟವೇ. ಮಿಲ್ಲಿನಲ್ಲಿ ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿ ಕುಡಿದರೆ ಸಕ್ಕರೆ ಏರದೆಂಬ ಭರವಸೆ ಇಲ್ಲ.

ಹಳೆಯ ಊಟದ ಗುಣವನ್ನು ಹುಡುಕಬೇಕಾದ್ದು ಒಟ್ಟು ತಟ್ಟೆಯಲ್ಲಿ: ಮುದ್ದೆಯ ಜೊತೆಗಿದ್ದ ಹುರುಳಿ, ಅವರೆ, ಬೆರಕೆ ಸೊಪ್ಪು, ಗೋರಿಕಾಯಿ, ಹಿಂದೆ ದಿನವಿಡೀ ಹೊಲದ ದುಡಿಮೆ. 1965ರಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಮುಗಿದ ಮೇಲೆ ತರೀಕೆರೆಯ ನಾಲೆ ಸೀಮೆಯಲ್ಲಿ ಭತ್ತ, ಅಡಿಕೆ ಹಬ್ಬಿದವು. ನಾಲೆ ತಲುಪದ ಊರುಗಳಿಗೂ ಅಕ್ಕಿ ಪಡಿತರವಾಗಿ ಬಂತು. 2013ರ ಅನ್ನಭಾಗ್ಯ ಅದನ್ನು ಇನ್ನಷ್ಟು ಹೆಚ್ಚಿಸಿತು. ಹಬ್ಬಕ್ಕಷ್ಟೇ ಅನ್ನ ಕಂಡಿದ್ದ ಮನೆಗೆ ಅಕ್ಕಿ ಬಂದದ್ದನ್ನು ಅವನತಿ ಎನ್ನುವುದು ಹೊಟ್ಟೆ ತುಂಬಿದವರ ಮಾತೆಂದು ಯಾರಾದರೂ ಆಕ್ಷೇಪಿಸಿದರೆ, ಒಪ್ಪುತ್ತೇನೆ. ತಪ್ಪು ಅಕ್ಕಿಯದಲ್ಲ, ಅನ್ನ ಹೆಚ್ಚಿದಷ್ಟೂ ಕಾಳು, ಸೊಪ್ಪು ತಟ್ಟೆಯಿಂದ ಸರಿದವು, ದುಡಿಮೆಯೂ ಇಳಿಯಿತು. ಮೆಂತ್ಯ ನಂಬಿ ಯಾರೂ ಮಾತ್ರೆ ಬಿಡದಿರಲಿ. ಸರ್ಕಾರಕ್ಕೆ ಈ ಬಯಲಿನ ಹಳೆಯ ಊಟದ ಮೇಲೆ ನಿಜವಾದ ಗೌರವವಿದ್ದರೆ, ಪಡಿತರದ ಚೀಲಕ್ಕೆ ರಾಗಿಯ ಜೊತೆ ಹುರುಳಿಯನ್ನೂ ಅವರೆಯನ್ನೂ ಹಾಕಲಿ.