ಹೊಳಪಿನ ಕೆಳಗಿರುವ ಲೋಹ

ಹಳೆಯ ಅಮೆರಿಕನ್ ವಿಮಾನಗಳ ಚಿತ್ರಗಳಲ್ಲಿ ಬೆಳ್ಳಿಯಂತಹ ಹೊಳಪನ್ನು ನಾವು ಕಂಡಿರುತ್ತೇವೆ. ಅದು ಬಣ್ಣವಲ್ಲ, ತಿಕ್ಕಿ ತಿಕ್ಕಿ ಮಿರುಗಿಸಿದ ಅಲ್ಯೂಮಿನಿಯಂ. ಅಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳಲ್ಲಿ ಕೆಲವರು ಇಂದಿಗೂ ಈ ಹೊಳಪಿಗಾಗಿ ವಾರಗಟ್ಟಲೆ ಬೆವರು ಸುರಿಸುತ್ತಾರೆ. ಆದರೆ ಹೊಳೆಯುತ್ತಿರುವುದು ವಿಮಾನವನ್ನು ಹೊತ್ತ ಲೋಹವೇ?

ಶುದ್ಧ ಅಲ್ಯೂಮಿನಿಯಂ ಹಗುರ, ಆದರೆ ಮೆದು. ಪಾತ್ರೆಗೆ ಸಾಕು, ರೆಕ್ಕೆಗೆ ಸಾಲದು. ತಾಮ್ರ ಮತ್ತು ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ಅನ್ನು ಕಾಯಿಸಿ ತಟ್ಟನೆ ತಣಿಸಿಟ್ಟರೆ ಕೆಲವು ದಿನಗಳಲ್ಲಿ ಅದು ತಾನಾಗಿಯೇ ಗಟ್ಟಿಯಾಗುತ್ತದೆಂದು 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಕಂಡುಕೊಂಡರು. ಇದೇ ಡ್ಯುರಾಲುಮಿನ್. ಜೆಪ್ಪೆಲಿನ್ ವಾಯುನೌಕೆಗಳ ಎಲುಬಾದದ್ದೂ, 1919ರ ಯುಂಕರ್ಸ್ ಎಫ್ 13 ವಿಮಾನದ ಮೈಯಾದದ್ದೂ ಇದೇ.

ಬಲ ಕೊಟ್ಟ ತಾಮ್ರವೇ ಶತ್ರುವೂ ಆಯಿತು. ತೇವ ಮತ್ತು ಉಪ್ಪುಗಾಳಿಗೆ ಈ ಮಿಶ್ರಲೋಹ ಒಳಗೊಳಗೇ ಕೊರೆದುಹೋಗುತ್ತಿತ್ತು. ಹೊರಗೆ ಹೆಚ್ಚೇನೂ ಕಾಣದು, ಒಳಗೆ ಬಲ ಉಳಿದಿರದು. ಆಕಾಶದಲ್ಲಿ ಇದರ ಅರ್ಥವೇನೆಂದು ಹೇಳಬೇಕಾಗಿಲ್ಲ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಅಲ್ಕೋವಾ ಕಂಪೆನಿಯ ಎಡ್ಗರ್ ಡಿಕ್ಸ್ ಇದಕ್ಕೆ ಪರಿಹಾರ ತಂದರು. ಗಟ್ಟಿ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ! ಅದಕ್ಕೆ ಆಲ್‌ಕ್ಲ್ಯಾಡ್ ಎಂದು ಹೆಸರು. ಮೊದಲು ಸವೆಯುವುದು ಈ ಪದರ. ಸಣ್ಣ ಗೀರು ಬಿದ್ದಲ್ಲಿಯೂ ಸುತ್ತಲಿನ ಶುದ್ಧ ಲೋಹ ತಾನು ಕರಗುತ್ತಾ ಒಳಗಿನದನ್ನು ಕಾಯುತ್ತದೆ. ಮೆದು ಎಂದು ಬದಿಗಿಟ್ಟ ಲೋಹಕ್ಕೇ ಕೊನೆಗೆ ಕಾವಲಿನ ಕೆಲಸ ಸಿಕ್ಕಿತು.

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಸೇನೆ ತನ್ನ ಬಾಂಬರ್‌ಗಳಿಗೆ ಮರೆಮಾಚುವ ಬಣ್ಣ ಬಳಿಯುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ಅದರಿಂದ ತೂಕವೂ ಉಳಿಯಿತು, ಸಮಯವೂ ಉಳಿಯಿತು. ಅಮೆರಿಕನ್ ಏರ್‌ಲೈನ್ಸ್ 2013ರವರೆಗೂ ಬರಿಮೈಯ ಹೊಳಪನ್ನೇ ತನ್ನ ಗುರುತಾಗಿಸಿಕೊಂಡಿತ್ತು. ಹವ್ಯಾಸಿಗಳಿಗೆ ಇದೇ ತಗಡನ್ನು ಒಗ್ಗಿಸಿಕೊಟ್ಟವರಲ್ಲಿ ಜಾನ್ ಥಾರ್ಪ್ ಮುಖ್ಯರು. ಅವರ ಟಿ-18 ವಿಮಾನ 1964ರಲ್ಲಿ ಹಾರಿತು. 1976ರಲ್ಲಿ ಡಾನ್ ಟೇಲರ್ ತಾವೇ ಕಟ್ಟಿದ ಟಿ-18ರಲ್ಲಿ ಭೂಮಿಯನ್ನೇ ಸುತ್ತಿ ಬಂದರು.

ಮೆರುಗು ಕೊಡುವ ಕ್ರಮ ಸರಳ, ಆದರೆ ಸಹನೆ ಬೇಡುವಂಥದ್ದು. ಮೊದಲು ಒರಟು ಪೇಸ್ಟ್, ಬಳಿಕ ನಯವಾದದ್ದು, ಕೊನೆಗೆ ಮೆತ್ತನೆಯ ಬಟ್ಟೆ. ಉಕ್ಕಿನ ನಾರು ಕೂಡದು, ಅದರ ಕಣಗಳು ಸಿಕ್ಕಿಕೊಂಡರೆ ಅಲ್ಲಿಂದಲೇ ಕೊರೆತ ಶುರುವಾಗುತ್ತದೆ. ತಿಕ್ಕಿದಂತೆಲ್ಲಾ ಬಟ್ಟೆ ಕಪ್ಪಾಗುತ್ತದೆ. ಅದನ್ನು ಕೊಳೆಯೆಂದು ಭಾವಿಸುವವರುಂಟು. ಅದರಲ್ಲಿ ಕಿತ್ತುಬಂದ ಅಲ್ಯೂಮಿನಿಯಂ ಕೂಡಾ ಇದೆ.

ಎಷ್ಟು ದಪ್ಪದಿಂದ ಕಿತ್ತುಬರುತ್ತಿದೆ? ಸಣ್ಣ ವಿಮಾನದ ತಗಡು ಸುಮಾರು 0.8 ಮಿಲಿಮೀಟರ್, ಅದರಲ್ಲಿ ಶುದ್ಧ ಪದರ ಬದಿಗೆ ಶೇಕಡಾ 5, ಅಂದರೆ 0.04 ಮಿಲಿಮೀಟರ್. ಕಾಗದಕ್ಕಿಂತಲೂ ತೆಳು. ಹೊಳಪು ತಿಂಗಳುಗಳಲ್ಲಿ ಮಾಸುತ್ತದೆ, ಮತ್ತೆ ತಿಕ್ಕಬೇಕು. ನಯವಾದ ಪೇಸ್ಟ್ ಕೈಯಲ್ಲಿದ್ದರೆ ಪದರ ಬಹುಕಾಲ ಬಾಳುತ್ತದೆ. ಒರಟು ಪೇಸ್ಟ್ ಮತ್ತು ಯಂತ್ರ ಹಿಡಿದು ಅವಸರ ಮಾಡುವವರ ಬಗ್ಗೆಯೇ ನಮ್ಮ ಆತಂಕ. ತಗಡಿನ ಅಂಚಿನಲ್ಲಿ ಪದರ ಬೇಗ ಸವೆಯುತ್ತದೆ. ಹಾಗೆ ಹೊದಿಕೆ ಕಳೆದುಕೊಂಡ ಜಾಗಕ್ಕೆ ಪ್ರೈಮರ್ ಹಚ್ಚಿ ಬಣ್ಣ ಬಳಿಯಬೇಕಾಗುತ್ತದೆ.